ನಾವೇ ಮಾಡಿದ ದೆವ್ವಕ್ಕೆ ನಾವೇ ಅಂಜುವುದುಂಟೆ?

ಅಮೆರಿಕದಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಹೋಗಿಬರುವ ಹಿರಿಯರು ಇಂದು ನಮ್ಮ ಸಮಾಜದಲ್ಲಿ ವಿರಳವೇನಲ್ಲ. ಅವರಲ್ಲಿ ಅಕ್ಟೋಬರ್ ತಿಂಗಳನ್ನು ಅಲ್ಲಿ ಕಳೆದು ಬಂದವರು ಒಂದು ಸೋಜಿಗವನ್ನು ತಪ್ಪದೆ ಹೇಳುತ್ತಾರೆ. ಬೀದಿಗಳು ಚೊಕ್ಕಟ, ನೆರೆಹೊರೆಯವರು ಸಜ್ಜನರು; ಆದರೆ ಆ ತಿಂಗಳು ಬಂತೆಂದರೆ ಅದೇ ಸಜ್ಜನರು ತಮ್ಮ ಮನೆಯ ಮುಂದೆ ಗೋರಿಕಲ್ಲುಗಳನ್ನು ನೆಡುತ್ತಾರೆ, ಪೊದೆಗಳ ಮೇಲೆ ಜೇಡರ ಬಲೆ ಹರಡುತ್ತಾರೆ, ಮೆಟ್ಟಿಲ ಮೇಲೆ ಅಸ್ಥಿಪಂಜರವನ್ನು ಕುಳ್ಳಿರಿಸುತ್ತಾರೆ. ರಂಗೋಲಿ ಇರಬೇಕಾದ ಜಾಗದಲ್ಲಿ ತಲೆಬುರುಡೆ! ಹಿರಿಯರ ಕಳವಳ ಅಲ್ಲಿಗೇ ನಿಲ್ಲುವುದಿಲ್ಲ. "ನಮ್ಮ ಮೊಮ್ಮಕ್ಕಳೂ ಕತ್ತರಿ, ಅಂಟು ಹಿಡಿದು ಕೂತು ದೆವ್ವ ಮಾಡುತ್ತಿದ್ದಾರೆ. ಬೇಡವೆನ್ನಬೇಕೋ, ಸುಮ್ಮನಿರಬೇಕೋ?" ಎಂದು ಅವರು ಕೇಳುತ್ತಾರೆ. ಪ್ರಶ್ನೆ ಯೋಗ್ಯವಾದದ್ದು. ಆದಕಾರಣ ಈ ತಿಂಗಳು ಅದನ್ನೇ ಕುರಿತು ಕೊಂಚ ವಿಚಾರ ಮಾಡೋಣ.

ಮೊದಲು ಈ ಆಚರಣೆಯ ಮೂಲವನ್ನು ತಿಳಿಯುವುದು ಒಳ್ಳೆಯದು. ಅಕ್ಟೋಬರ್ 31ರ ರಾತ್ರಿಯ ಈ ಹಬ್ಬಕ್ಕೆ ಹ್ಯಾಲೊವೀನ್ ಎಂದು ಹೆಸರು. ಮರುದಿನ, ಅಂದರೆ ನವೆಂಬರ್ 1, ಕ್ರೈಸ್ತರಿಗೆ ಸಕಲ ಸಂತರ ದಿನ. ಅದರ ಮುನ್ನಾರಾತ್ರಿ ಎಂಬುದೇ ಈ ಹೆಸರಿನ ಅರ್ಥ. ಅದಕ್ಕೂ ಹಿಂದೆ ಐರ್ಲೆಂಡ್ ಮತ್ತು ಸ್ಕಾಟ್ಲೆಂಡ್‌ನ ಪ್ರಾಚೀನ ಜನರು ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಈ ಸಂಧಿಯಲ್ಲಿ ಸಾಹ್ವಿನ್ ಎಂಬ ಹಬ್ಬವನ್ನು ಆಚರಿಸುತ್ತಿದ್ದರು. ಇಹಕ್ಕೂ ಪರಕ್ಕೂ ನಡುವಣ ತೆರೆ ಆ ರಾತ್ರಿ ತೆಳುವಾಗುತ್ತದೆ ಎಂಬುದು ಜನಪದರ ನಂಬಿಕೆ. ಐರ್ಲೆಂಡಿನವರು ಟರ್ನಿಪ್ ಗಡ್ಡೆಯನ್ನು ಟೊಳ್ಳು ಮಾಡಿ, ವಿಕಾರ ಮುಖ ಕೆತ್ತಿ, ಒಳಗೆ ದೀಪವಿಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಅವರು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಅಮೆರಿಕಕ್ಕೆ ವಲಸೆ ಹೋದಾಗ ಅಲ್ಲಿ ಅವರಿಗೆ ದೊಡ್ಡದಾದ, ಕೊರೆಯಲು ಸುಲಭವಾದ ಸಿಹಿಕುಂಬಳ ದೊರೆಯಿತು. ಗಡ್ಡೆಯ ದೀಪ ಹೋಗಿ ಕುಂಬಳದ ದೀಪ ಬಂದದ್ದು ಹೀಗೆ.

ಮೊದಮೊದಲು ಇದು ಪುಂಡಾಟದ ರಾತ್ರಿಯಾಗಿತ್ತು. ಬೇಲಿಯ ಗೇಟು ಕಿತ್ತೊಯ್ಯುವುದು, ಕಿಟಕಿಗೆ ಸಾಬೂನು ಬಳಿಯುವುದು, ಬಂಡಿಯನ್ನು ಮಾಡಿನ ಮೇಲೇರಿಸುವುದು ಮೊದಲಾದ ಚೇಷ್ಟೆಗಳಿಂದ ಊರಿನವರು ಬೇಸತ್ತಿದ್ದರು. ನಮ್ಮ ಉತ್ತರ ಕರ್ನಾಟಕದಲ್ಲಿ ಕಾಮದಹನಕ್ಕಾಗಿ ಹುಡುಗರು ಕಟ್ಟಿಗೆ, ಕುಳ್ಳು ಕದಿಯುವುದನ್ನು ಕಂಡವರಿಗೆ ಇದು ಹೊಸದೆನಿಸದು. ಮಿನೆಸೋಟ ರಾಜ್ಯದ ಅನೋಕ ಎಂಬ ಊರು 1920ರಲ್ಲಿ ಒಂದು ಜಾಣತನ ಮಾಡಿತು. ಹುಡುಗರನ್ನು ದಂಡಿಸುವ ಬದಲು ಊರಿಗೇ ಒಂದು ಮೆರವಣಿಗೆ ಏರ್ಪಡಿಸಿ, ಅವರ ಉತ್ಸಾಹಕ್ಕೆ ಕೆಲಸ ಕೊಟ್ಟಿತು. ಮುಂದೆ ಮಕ್ಕಳು ವೇಷ ತೊಟ್ಟು ಮನೆಮನೆಗೆ ಹೋಗಿ ಮಿಠಾಯಿ ಬೇಡುವ ರೂಢಿ ದೇಶದ ತುಂಬ ಹರಡಿತು. 1950ರಿಂದೀಚೆಗೆ ಕೆಲವು ಮಕ್ಕಳು ಮಿಠಾಯಿಯ ಜೊತೆಗೆ ಯುನಿಸೆಫ್ ಸಂಸ್ಥೆಗಾಗಿ ಚಿಲ್ಲರೆ ಕಾಸನ್ನೂ ಸಂಗ್ರಹಿಸತೊಡಗಿದರು. ಬರುವ ಮಕ್ಕಳನ್ನು ರಂಜಿಸಲೆಂದು ಮನೆಯವರು ಅಂಗಳವನ್ನೇ ಒಂದು ಭೂತದ ಬಯಲಾಗಿ ಸಜ್ಜುಗೊಳಿಸುವುದು ಈ ರೂಢಿಯ ಇಂದಿನ ಮುಖ.

ಈ ಸಾಮಗ್ರಿಯೆಲ್ಲ ಅಂಗಡಿಯಲ್ಲಿ ಸಿಗುತ್ತದೆ. 2020ರಲ್ಲಿ ಹೋಮ್ ಡಿಪೊ ಎಂಬ ಮಳಿಗೆ 12 ಅಡಿ ಎತ್ತರದ ಅಸ್ಥಿಪಂಜರವೊಂದನ್ನು 299 ಡಾಲರಿಗೆ ಮಾರಾಟಕ್ಕಿಟ್ಟಿತು. ಜನ ಮುಗಿಬಿದ್ದು ಕೊಂಡರು. ಕೊಂಡು ತಂದು ನಿಲ್ಲಿಸುವುದರಲ್ಲಿ ತಪ್ಪೇನಿಲ್ಲ. ಆದರೆ ಅದರಲ್ಲಿ ಮಕ್ಕಳ ಪಾಲು ಏನು? ಪೆಟ್ಟಿಗೆ ಒಡೆಯುವುದು ಅಷ್ಟೇ. ಈ ಹಬ್ಬದ ನಿಜವಾದ ಸೊಗಸನ್ನು ಬಲ್ಲವರು ಬೇಸಿಗೆಯ ಕೊನೆಯಿಂದಲೇ ಕಾರು ನಿಲ್ಲಿಸುವ ಕೋಣೆಯಲ್ಲಿ ಕುಳಿತು ಎಲ್ಲವನ್ನೂ ಕೈಯಿಂದ ಮಾಡುತ್ತಾರೆ. ಅವರು ಬಳಸುವ ವಿಧಾನಗಳನ್ನು ನೋಡಿದರೆ ನಮ್ಮ ಅಜ್ಜಿಯರಿಗೆ ಗೊತ್ತಿರದ ಯಾವ ಮಹಾವಿದ್ಯೆಯೂ ಅದರಲ್ಲಿಲ್ಲ ಎಂಬುದು ತಿಳಿದೀತು.

ಎಲ್ಲಕ್ಕಿಂತ ಸುಲಭವಾದದ್ದು ಗಂಜಿಯ ದೆವ್ವ. ಒಂದು ಬಾಟಲಿಯ ಬಾಯಿಗೆ ಊದಿದ ಬಲೂನು ಸಿಕ್ಕಿಸಿ, ಎರಡು ಬದಿಗೆ ತಂತಿಯ ತೋಳು ಚಾಚಿ, ಜಾಳುಜಾಳಾದ ಹತ್ತಿಬಟ್ಟೆಯನ್ನು ಗಟ್ಟಿ ಗಂಜಿಯಲ್ಲಿ ಅದ್ದಿ ಅದರ ಮೇಲೆ ಹೊದಿಸಬೇಕು. ಒಂದು ರಾತ್ರಿ ಒಣಗಿದ ಮೇಲೆ ಬಲೂನು ಒಡೆದು, ಬಾಟಲಿ ತೆಗೆದರೆ ಬಟ್ಟೆ ತಾನಾಗಿ ನಿಲ್ಲುತ್ತದೆ. ಒಳಗೆ ಯಾರೂ ಇಲ್ಲ, ಹೊರಗೆ ಆಕಾರವಿದೆ. ಇಳಕಲ್ ಸೀರೆಗೆ ಗಂಜಿ ಹಾಕಿದ ಕೈಗಳಿಗೆ ಇದನ್ನು ಕಲಿಸಿಕೊಡಬೇಕೆ? ಆಳೆತ್ತರದ ಆಕೃತಿ ಬೇಕಾದರೆ ಕೋಳಿಗೂಡಿಗೆ ಬಳಸುವ ತಂತಿಜಾಲರಿಯನ್ನು ಕೈಗವಸು ತೊಟ್ಟು ಬಾಗಿಸಿ, ಹೆಗಲು, ಸೊಂಟ, ನೆರಿಗೆಗಳ ಆಕಾರ ಕೊಡುತ್ತಾರೆ. ಹಗಲಿನಲ್ಲಿ ಅದು ಬರಿಯ ಜಾಲರಿ. ರಾತ್ರಿ ಕೆಳಗಿನಿಂದ ಮಂದವಾದ ಬೆಳಕು ಬಿದ್ದಾಗ ಹುಲ್ಲುಹಾಸಿನ ಮೇಲೆ ತೇಲುವ ಹೆಣ್ಣಿನ ನೆರಳಾಗುತ್ತದೆ.

ಮುಖವಾಡ, ತಲೆಬುರುಡೆ, ರಾಕ್ಷಸನ ಕೈ ಇವುಗಳಿಗೆ ಹಳೆಯ ಪತ್ರಿಕೆ ಮತ್ತು ಮೈದಾ ಅಂಟು ಸಾಕು. ಹರಿದ ಕಾಗದದ ಪಟ್ಟಿಗಳನ್ನು ಅಂಟಿನಲ್ಲಿ ಅದ್ದಿ ಪದರ ಪದರವಾಗಿ ಹಚ್ಚಿ, ಪ್ರತಿ ಪದರವೂ ಒಣಗುವವರೆಗೆ ಕಾಯಬೇಕು. ನಮ್ಮಲ್ಲಿ ಕಾಗದವನ್ನು ಮೆಂತ್ಯದೊಡನೆ ನೆನೆಸಿ ರುಬ್ಬಿ, ಮಡಕೆಯ ಬೆನ್ನಿಗೆ ಮೆತ್ತಿ ಬುಟ್ಟಿ ಮಾಡುತ್ತಿದ್ದರಲ್ಲ, ಅದೇ ವಿದ್ಯೆ. ಇನ್ನು ಜೋಲುವ ನಿಲುವಂಗಿ ತೊಟ್ಟ ದೊಡ್ಡ ಆಕೃತಿಗಳಿಗೆ ಗೋಣಿತಟ್ಟು ಬಳಸುತ್ತಾರೆ. ಗೋಡೆಯ ಹಲಗೆಗಳ ಸಂದು ಮುಚ್ಚಲು ಮೆತ್ತುವ ಜಾಯಿಂಟ್ ಕಾಂಪೌಂಡ್ ಐದು ಪಾಲು, ನೀರಿನ ಬಣ್ಣ ಒಂದು ಪಾಲು ಕಲಸಿ, ಅದರಲ್ಲಿ ತಟ್ಟನ್ನು ಅದ್ದಿ ಮರದ ಚೌಕಟ್ಟಿನ ಮೇಲೆ ಹೊದಿಸಿದರೆ ಒಣಗಿದ ಮೇಲೆ ಕಲ್ಲಿನಂತೆ ಬಿರುಸಾಗುತ್ತದೆ. ಆದರೆ ಇದು ಬಲು ಭಾರ, ಮಳೆಗೆ ಕರಗುವಂಥದು. ಮೇಲೆ ಹೊರಾಂಗಣದ ಬಣ್ಣ ಬಳಿಯದಿದ್ದರೆ ಒಂದೇ ಜಡಿಮಳೆಗೆ ದೆವ್ವ ಮುದ್ದೆಯಾದೀತು.

ಗೋರಿಕಲ್ಲುಗಳಿಗೆ ಮನೆಯ ಗೋಡೆಗೆ ಶಾಖ ತಡೆಯಲು ಹಾಕುವ ಗಟ್ಟಿ ಥರ್ಮೋಕೋಲ್ ಹಲಗೆ ಉಪಯೋಗಕ್ಕೆ ಬರುತ್ತದೆ. 4 ಅಡಿ ಅಗಲ, 8 ಅಡಿ ಉದ್ದ, 2 ಅಂಗುಲ ದಪ್ಪದ ಒಂದು ಹಲಗೆಯಲ್ಲಿ ಮೂರು ಅಡಿ ಎತ್ತರದ ನಾಲ್ಕು ಕಲ್ಲುಗಳು ಸಲೀಸಾಗಿ ಏಳುತ್ತವೆ. ಅಂಚನ್ನು ಅಲ್ಲಲ್ಲಿ ಮುರಿದು, ಬಿರುಕು ಕೊರೆದು, ಬೂದು ಬಣ್ಣ ಬಳಿದು, ಕೊನೆಗೆ ನೀರಾದ ಕಪ್ಪು ಬಣ್ಣವನ್ನು ಮೇಲಿನಿಂದ ಸುರಿದು ತಾನಾಗಿ ಇಳಿಯಲು ಬಿಟ್ಟರೆ ನೂರು ವರ್ಷ ಮಳೆ ಬಿಸಿಲು ಕಂಡ ಕಲ್ಲಿನ ಕಳೆ ಬರುತ್ತದೆ. ಇಲ್ಲಿ ಒಂದು ಎಚ್ಚರಿಕೆ: ಡಬ್ಬಿಯಿಂದ ಸಿಂಪಡಿಸುವ ಬಣ್ಣದಲ್ಲಿರುವ ದ್ರಾವಕ ಥರ್ಮೋಕೋಲನ್ನು ತಿಂದುಹಾಕುತ್ತದೆ. ಆದ್ದರಿಂದ ಮೊದಲ ಲೇಪ ಕುಂಚದಿಂದ ಹಚ್ಚುವ ನೀರಿನ ಬಣ್ಣದ್ದೇ ಆಗಿರಬೇಕು. ಗಾಳಿಗೆ ಹಾರದಂತೆ ಹಿಂಬದಿಗೆ ಕೊಳವೆ ಅಂಟಿಸಿ ನೆಲಕ್ಕೆ ಹೊಡೆದ ಗೂಟಕ್ಕೆ ಸಿಕ್ಕಿಸುವುದನ್ನೂ ಮರೆಯಬಾರದು.

ಸ್ವಲ್ಪ ಯಂತ್ರಜ್ಞಾನ ಉಳ್ಳವರು ಇನ್ನೂ ಮುಂದೆ ಹೋಗುತ್ತಾರೆ. ಹಳೆಯ ಕಾರಿನ ವೈಪರ್ ಮೋಟಾರಿಗೆ ಒಂದು ಸನ್ನೆ ಜೋಡಿಸಿ, ಅದರಿಂದ ದೆವ್ವದ ತಲೆಗೂ ಎರಡು ಕೈಗಳಿಗೂ ದಾರ ಕಟ್ಟಿದರೆ, ಸನ್ನೆ ಸುತ್ತಿದಂತೆಲ್ಲ ದೆವ್ವ ಏರಿಳಿಯುತ್ತ ಕೈ ಬೀಸುತ್ತದೆ. ಸೂತ್ರದ ಬೊಂಬೆಯಾಟವೇ ಇದು, ಸೂತ್ರಧಾರ ಮಾತ್ರ ವಿದ್ಯುತ್ತು. ಇನ್ನೊಂದು ಚಮತ್ಕಾರ ಗಾಜಿನದು. ಬೆಳಕಿರುವ ಜಾಗದಲ್ಲಿ ಮರೆಯಾಗಿ ನಿಂತವನ ಪ್ರತಿಬಿಂಬವನ್ನು ಓರೆಯಾಗಿ ನಿಲ್ಲಿಸಿದ ಗಾಜಿನ ಮೇಲೆ ಬೀಳಿಸಿದರೆ, ಗಾಜಿನಾಚೆಯ ಕತ್ತಲೆಯಲ್ಲಿ ಪಾರದರ್ಶಕ ಮನುಷ್ಯನೊಬ್ಬ ನಡೆದಾಡುವಂತೆ ಕಾಣುತ್ತದೆ. ಹೆನ್ರಿ ಡರ್ಕ್ಸ್ ಎಂಬಾತ ಯೋಚಿಸಿದ ಈ ತಂತ್ರವನ್ನು ಜಾನ್ ಹೆನ್ರಿ ಪೆಪ್ಪರ್ ಎಂಬ ವಿಜ್ಞಾನ ಬೋಧಕರು 1862ರಲ್ಲಿ ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್ ಸಂಸ್ಥೆಯ ರಂಗದ ಮೇಲೆ ಪ್ರದರ್ಶಿಸಿದರು. ಅಂದಿನಿಂದ ಅದು ಪೆಪ್ಪರನ ದೆವ್ವವೆಂದೇ ಹೆಸರಾಯಿತು. ಕ್ಯಾಲಿಫೋರ್ನಿಯದ ಡಿಸ್ನಿಲ್ಯಾಂಡಿನಲ್ಲಿ 1969ರಲ್ಲಿ ತೆರೆದ ಭೂತಬಂಗಲೆಯಲ್ಲಿ ಕುಣಿಯುವ ದೆವ್ವಗಳೂ ಇದೇ ತಂತ್ರದ ಮಕ್ಕಳು. ಮನೆಯ ಕಿಟಕಿಯ ಗಾಜೊಂದಿದ್ದರೆ ಹೈಸ್ಕೂಲಿನ ಮಗುವೂ ಬೆಳಕಿನ ಪ್ರತಿಫಲನದ ಪಾಠವನ್ನು ದೆವ್ವದಿಂದಲೇ ಕಲಿಯಬಹುದು.

ಈಗ ಹಿರಿಯರ ಪ್ರಶ್ನೆಗೆ ಬರೋಣ. ಇದರಿಂದ ಮಕ್ಕಳ ಮನಸ್ಸಿನಲ್ಲಿ ಭಯ ಬೇರೂರುವುದಿಲ್ಲವೆ? ನಮ್ಮ ಅನಿಸಿಕೆಯಲ್ಲಿ, ಕೊಂಡು ತಂದ ದೆವ್ವದಿಂದ ಬೇರೂರಬಹುದು. ಮಾಡಿದ ದೆವ್ವದಿಂದ ಅಲ್ಲ. ನಾವು ಬಲ್ಲ ಮನೆಯೊಂದರಲ್ಲಿ ಆರು ವರ್ಷದ ಹುಡುಗಿ ಪಕ್ಕದ ಮನೆಯ ಮೆಟ್ಟಿಲಲ್ಲಿದ್ದ ಆಕೃತಿಗೆ ಹೆದರಿ ಆ ದಾರಿಯಲ್ಲಿ ನಡೆಯುವುದನ್ನೇ ಬಿಟ್ಟಿದ್ದಳು. ಮರುವರ್ಷ ಊರಿನಿಂದ ಬಂದ ಅಜ್ಜಿಯೊಡನೆ ಕೂತು ತಾನೇ ಒಂದು ಗಂಜಿಯ ದೆವ್ವ ಮಾಡಿದಳು. "ಅಜ್ಜಿ, ಇದರ ಹೊಟ್ಟೆಯಲ್ಲಿ ಏನೂ ಇಲ್ಲ" ಎಂದು ಬಗ್ಗಿ ನೋಡಿ ಹೇಳಿದಳಂತೆ. ಆ ರಾತ್ರಿ ಅಂಗಳಕ್ಕೆ ಬಂದ ಚಿಕ್ಕ ಮಕ್ಕಳ ಕೈಹಿಡಿದು, ಯಾವುದು ಬಟ್ಟೆ, ಯಾವುದು ತಂತಿ ಎಂದು ತೋರಿಸಿಕೊಂಡು ಬಂದವಳು ಅವಳೇ. ಹೊಟ್ಟೆಯಲ್ಲಿ ಏನೂ ಇಲ್ಲವೆಂಬ ಆ ಒಂದು ಮಾತನ್ನು ನೂರು ಉಪದೇಶಗಳಿಂದ ಹೇಳಿಸಲಾಗದು. ದೆವ್ವ ಭೂತಗಳ ಅಂಜಿಕೆಗೆ, ಶಕುನ ಅಪಶಕುನಗಳ ಎಣಿಕೆಗೆ ಶರಣರು ಮನ್ನಣೆ ಕೊಡಲಿಲ್ಲವೆಂದು ನಾವು ಮಕ್ಕಳಿಗೆ ಹೇಳುತ್ತಲೇ ಬಂದಿದ್ದೇವೆ. ಆ ಮಾತು ಅವರ ಕೈಗೆ ಸಿಕ್ಕುವಂತಾದರೆ ನಾವು ಸಂತೋಷಪಡಬೇಕಲ್ಲವೆ?

ಹಾಗೆಂದು ಎಲ್ಲವೂ ಸಲ್ಲುತ್ತದೆಂದಲ್ಲ. ಮೃತರನ್ನು ಮಣ್ಣಿಗೆ ಒಪ್ಪಿಸುವ ಸಂಪ್ರದಾಯ ನಮ್ಮದು. ಸಮಾಧಿಯೆಂದರೆ ನಮಗೆ ವಿಭೂತಿ ಧರಿಸಿ ತಲೆಬಾಗುವ ಸ್ಥಳ. ಆದ್ದರಿಂದ ಅಂಗಳದಲ್ಲಿ ಹುಸಿ ಗೋರಿ ನಿಲ್ಲಿಸಲು ಕೆಲವು ಮನೆಗಳವರಿಗೆ ಮನಸ್ಸು ಒಪ್ಪದಿದ್ದರೆ ಅದು ಸಹಜ. ಕುಂಬಳದ ದೀಪ, ಬಾವಲಿ, ಜೇಡ, ಬೆರ್ಚಪ್ಪಗಳಿಂದಲೇ ಅಂಗಳ ತುಂಬಬಹುದು. ನಿಲ್ಲಿಸುವವರಾದರೂ ತೀರಿಕೊಂಡ ನಿಜವಾದ ವ್ಯಕ್ತಿಗಳ ಹೆಸರನ್ನು ಆ ಕಲ್ಲಿನ ಮೇಲೆ ಬರೆಯಬಾರದು. ಅದೇ ಬೀದಿಯಲ್ಲಿ ಆ ವರ್ಷ ಸಾವು ಕಂಡ ಮನೆಯಿದ್ದರೆ ಅವರ ಕಣ್ಣಿಗೆ ಬೀಳದಂತೆ ಇಡುವುದು ಮನುಷ್ಯತ್ವ.

ಇದಕ್ಕಿಂತ ಗಂಭೀರವಾದ ಇನ್ನೊಂದು ಸಂಗತಿಯುಂಟು. ಹೊಸದಾಗಿ ಹೋದ ನಮ್ಮವರಿಗೆ ಅದು ತಿಳಿದಿರಲಿಕ್ಕಿಲ್ಲ. ಮನುಷ್ಯಾಕಾರದ ಬೊಂಬೆಯನ್ನು ಕೊರಳಿಗೆ ಹಗ್ಗ ಬಿಗಿದು ಮರಕ್ಕೆ ನೇತುಹಾಕುವುದನ್ನು ಎಂದಿಗೂ ಮಾಡಬಾರದು. 1877ರಿಂದ 1950ರವರೆಗಿನ ಅವಧಿಯಲ್ಲಿ ಆ ದೇಶದಲ್ಲಿ 4,000ಕ್ಕೂ ಹೆಚ್ಚು ಕಪ್ಪುಜನರನ್ನು ವಿಚಾರಣೆಯಿಲ್ಲದೆ ಗುಂಪುಗೂಡಿ ಕೊಂದರು. ಅವರಲ್ಲಿ ಅನೇಕರನ್ನು ಮರಗಳಿಗೆ ನೇಣು ಹಾಕಿದರು. ಅಂಥ ಬೊಂಬೆಯನ್ನು ಕಂಡಾಗ ನೆರೆಯ ಕಪ್ಪು ಕುಟುಂಬದ ಅಜ್ಜನಿಗೆ ನೆನಪಾಗುವುದು ದೆವ್ವದ ಕಥೆಯಲ್ಲ, ತನ್ನ ಊರಿನ ಕಥೆ. ಇನ್ನೊಬ್ಬರ ನಿಜವಾದ ನೋವು ನಮ್ಮ ಅಂಗಳದ ಅಲಂಕಾರವಾಗಬಾರದು. ಮತ್ತೊಂದು ಜನಾಂಗದ ಉಡುಗೆ, ಅಂಗವಿಕಲತೆ, ಬುದ್ಧಿಭ್ರಮಣೆ ಇವುಗಳನ್ನು ಹೆದರಿಕೆಯ ವಸ್ತುವಾಗಿ ತೋರಿಸುವುದೂ ಇದೇ ಸಾಲಿಗೆ ಸೇರುತ್ತದೆ.

ಸುರಕ್ಷತೆಯ ಮಾತನ್ನು ಕೊನೆಗೆ ಇಟ್ಟುಕೊಂಡದ್ದು ಅದು ಚಿಕ್ಕದೆಂದಲ್ಲ. 1984ರ ಮೇ 11ರಂದು ನ್ಯೂ ಜೆರ್ಸಿಯ ಸಿಕ್ಸ್ ಫ್ಲ್ಯಾಗ್ಸ್ ಗ್ರೇಟ್ ಅಡ್ವೆಂಚರ್ ಉದ್ಯಾನದ ಭೂತಕೋಟೆಯಲ್ಲಿ ಬೆಂಕಿ ಹತ್ತಿ, ದಾರಿ ಕಾಣದ ಕತ್ತಲೆಯಲ್ಲಿ ಎಂಟು ಮಂದಿ ಹದಿಹರೆಯದವರು ಪ್ರಾಣ ಕಳೆದುಕೊಂಡರು. ಆ ಬಳಿಕ ಇಂಥ ಮನರಂಜನೆಯ ಕಟ್ಟಡಗಳ ಅಗ್ನಿನಿಯಮಗಳು ಬಿಗಿಯಾದವು. ಮನೆಯ ಅಂಗಳಕ್ಕೆ ತಪಾಸಣೆಯ ಅಧಿಕಾರಿ ಬರುವುದಿಲ್ಲ. ಆ ಹೊಣೆ ಮನೆಯ ಯಜಮಾನ ಯಜಮಾನಿಯರದೇ. ಗಂಜಿಬಟ್ಟೆ, ಕಾಗದ, ಗೋಣಿ, ಥರ್ಮೋಕೋಲ್ ಇವೆಲ್ಲವೂ ಬೇಗ ಹೊತ್ತಿಕೊಳ್ಳುವಂಥವು. ಆದಕಾರಣ ಕುಂಬಳದೊಳಗೂ ಮೇಣದಬತ್ತಿಯ ಬದಲು ಬ್ಯಾಟರಿಯ ಎಲ್.ಇ.ಡಿ. ದೀಪವೇ ಇರಲಿ. ಮಕ್ಕಳ ಜೋಲುವ ವೇಷಗಳು ಬೆಂಕಿಯ ಹತ್ತಿರ ಸುಳಿಯದಿರಲಿ. ಹೊರಾಂಗಣಕ್ಕೆಂದೇ ತಯಾರಾದ ತಂತಿಗಳನ್ನು ಮಾತ್ರ ಬಳಸಿ, ವಿದ್ಯುತ್ ಸೋರಿದರೆ ತಾನಾಗಿ ಕಡಿತಗೊಳ್ಳುವ ಸುರಕ್ಷಾ ಪ್ಲಗ್ಗಿಗೇ ಜೋಡಿಸಬೇಕು. ಮಕ್ಕಳು ನಡೆಯುವ ದಾರಿಯಲ್ಲಿ ದಾರ, ತಂತಿ, ಗೂಟ ಯಾವುದೂ ಕಾಲಿಗೆ ತೊಡರಬಾರದು. ದೆವ್ವ ಕತ್ತಲಲ್ಲಿರಲಿ, ದಾರಿ ಬೆಳಕಿನಲ್ಲಿರಲಿ.

ಹೊಗೆಯಂಥ ಮಂಜು ಏಳಿಸಲು ಕೆಲವರು ಡ್ರೈ ಐಸ್ ತರುತ್ತಾರೆ. ಅದು ಸೊನ್ನೆಗಿಂತ 78 ಡಿಗ್ರಿ ಸೆಲ್ಸಿಯಸ್ ಕೆಳಗಿರುವ ಘನರೂಪದ ಇಂಗಾಲದ ಡೈಆಕ್ಸೈಡ್. ಬರಿಗೈಯಿಂದ ಮುಟ್ಟಿದರೆ ಸುಟ್ಟಗಾಯದಂಥ ಗಾಯವಾಗುತ್ತದೆ. ಬಿಗಿಯಾಗಿ ಮುಚ್ಚಿದ ಡಬ್ಬಿಯಲ್ಲಿಟ್ಟರೆ ಡಬ್ಬಿ ಸಿಡಿಯುತ್ತದೆ. ಕಿಟಕಿಯಿಲ್ಲದ ಕೋಣೆಯಲ್ಲಿ ಉಸಿರು ಕಟ್ಟಿಸುತ್ತದೆ. ದೊಡ್ಡವರು ದಪ್ಪ ಕೈಗವಸು ತೊಟ್ಟು, ಬಯಲಿನಲ್ಲಿ ಮಾತ್ರ ಬಳಸತಕ್ಕದ್ದು.

ಇಷ್ಟು ಶ್ರಮಪಟ್ಟು ಮಾಡಿದ್ದರ ಫಲವೇನು ಎಂದು ಕೇಳಬಹುದು. ಅಮೆರಿಕದ ಬೀದಿಗಳಲ್ಲಿ ಕಾರು ನೇರವಾಗಿ ಮನೆಯೊಳಕ್ಕೆ ಹೋಗುತ್ತದೆ, ಬಾಗಿಲು ಮುಚ್ಚುತ್ತದೆ. ನೆರೆಯವರ ಮುಖ ಕಾಣದೆ ತಿಂಗಳುಗಳು ಕಳೆಯುವುದುಂಟು. ವರ್ಷದಲ್ಲಿ ಈ ಒಂದು ಸಂಜೆ ಮಾತ್ರ ಕರೆಯದೆಯೇ ಊರಿನ ಮಕ್ಕಳೆಲ್ಲ ನಮ್ಮ ಬಾಗಿಲಿಗೆ ಬರುತ್ತಾರೆ. ಮುಂಬಾಗಿಲ ದೀಪ ಉರಿಯುತ್ತಿದ್ದರೆ ಬನ್ನಿರಿ ಎಂದು ಅರ್ಥ. ತಂತಿಯ ದೆವ್ವ ಹೇಗೆ ಮಾಡಿದಿರೆಂದು ಕೇಳಲು ನಿಂತ ನೆರೆಯಾತ ಮರುವಾರ ತನ್ನ ಗರಗಸ ಎರವಲು ಕೊಡುತ್ತಾನೆ. ಕೆಲವು ಮನೆಗಳವರು ಅಂಗಳ ನೋಡಲು ಬಂದವರಿಂದ ಬಡವರಿಗಾಗಿ ಆಹಾರದ ಡಬ್ಬಿಗಳನ್ನು ಸಂಗ್ರಹಿಸುತ್ತಾರೆ. ಕಡಲೆಕಾಯಿ ಮುಂತಾದವು ಒಗ್ಗದ ಮಕ್ಕಳಿಗಾಗಿ ತಿಂಡಿಯಲ್ಲದ ಚಿಕ್ಕ ಉಡುಗೊರೆಗಳಿವೆಯೆಂದು ಸೂಚಿಸಲು ಹಸುರುನೀಲಿ ಬಣ್ಣ ಬಳಿದ ಕುಂಬಳವನ್ನಿಡುವ ಪದ್ಧತಿ 2014ರಿಂದ ದೇಶದಾದ್ಯಂತ ಬೆಳೆದಿದೆ. ಬಂದ ಮಗು ಯಾವುದೇ ಆಗಲಿ ಬರಿಗೈಯಲ್ಲಿ ಹೋಗಬಾರದೆಂಬ ಈ ಕಾಳಜಿ ನಮ್ಮ ಮನೆತನಗಳಿಗೆ ಅಪರಿಚಿತವೆ?

ಮರುದಿನದ ನವೆಂಬರ್ 1 ನಮಗೆ ಕನ್ನಡ ರಾಜ್ಯೋತ್ಸವದ ದಿನವೂ ಹೌದು. ಕೆಲವು ವರ್ಷಗಳಲ್ಲಿ ದೀಪಾವಳಿಯೂ ಇದಕ್ಕೇ ಹೊಂದಿಕೊಳ್ಳುತ್ತದೆ. 2024ರಲ್ಲಿ ನರಕಚತುರ್ದಶಿ ಅಕ್ಟೋಬರ್ 31ರಂದೇ ಬಂದಿತ್ತು. ಥರ್ಮೋಕೋಲ್ ಕೊರೆಯಲು ಕಲಿತ ಮಕ್ಕಳ ಕೈಗಳು ಕನ್ನಡ ಕೂಟದ ವೇದಿಕೆಗೆ ಹಂಪೆಯ ಕಲ್ಲಿನ ರಥವನ್ನು ಕೊರೆಯಲಾರವೆ? ಗಂಜಿಯ ಬಟ್ಟೆಯನ್ನು ನಿಲ್ಲಿಸಲು ಬಲ್ಲವರು ನಾಟಕದ ಪರದೆಯನ್ನು ನಿಲ್ಲಿಸಲಾರರೆ? ಕೈಗೆ ಬಂದ ಕಸುಬು ಯಾವ ಹಬ್ಬದಲ್ಲಿ ಬಂತೆಂದು ಯಾರೂ ಕೇಳುವುದಿಲ್ಲ.

ಆದ್ದರಿಂದ ಬರುವ ಅಕ್ಟೋಬರಿನಲ್ಲಿ ಮಕ್ಕಳ ಮನೆಯಲ್ಲಿರುವ ಅಜ್ಜ ಅಜ್ಜಿಯರಲ್ಲಿ ನಮ್ಮ ವಿನಂತಿ ಇಷ್ಟೇ. ಮೊಮ್ಮಕ್ಕಳು ದೆವ್ವ ಮಾಡಲು ಕುಳಿತಾಗ ಮುಖ ತಿರುಗಿಸಬೇಡಿರಿ. ಸೆರಗು ಕಟ್ಟಿ, ತೋಳು ಏರಿಸಿ ನೀವೂ ಕುಳಿತುಕೊಳ್ಳಿರಿ. ಗಂಜಿ ಎಷ್ಟು ಗಟ್ಟಿಯಿರಬೇಕು, ಅಂಟು ಯಾವಾಗ ಹದಕ್ಕೆ ಬರುತ್ತದೆ ಎಂಬುದು ನಿಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಎಲ್ಲಿಗೆ ನಿಲ್ಲಿಸಬೇಕೆಂಬ ವಿವೇಕವೂ ನಿಮ್ಮಿಂದಲೇ ಬರಬೇಕು.